ಜೋರ್ಕಿ-4ರ ರೇಂಜ್‌ಫೈಂಡರ್ ತಪ್ಪಿದೆಯೇ? ಸ್ಕ್ರೂ ಮುಟ್ಟುವ ಮೊದಲು ನೋಡಬೇಕಾದದ್ದು, ಆಮೇಲೆ ಮುಟ್ಟಬೇಕಾದದ್ದು

ಕಣ್ಣಿಗೆ ಫೋಕಸ್ ಇಟ್ಟು ತೆಗೆದ ಫೋಟೋದಲ್ಲಿ ಕಿವಿ ಚೂಪಾಗಿ ಬಂದಿದೆ, ಕಣ್ಣು ಮಸುಕು. ಬಿಸಿಲಿನಲ್ಲಿ ಎಫ್/8 ಇಟ್ಟು, ಅಂದರೆ ಲೆನ್ಸಿನ ತೆರಪು (ಅಪರ್ಚರ್) ಕಿರಿದು ಮಾಡಿ, ತೆಗೆದ ಬೀದಿಯ ಫೋಟೋಗಳೆಲ್ಲ ಚೆನ್ನಾಗಿವೆ. ಸಂಜೆ ಎಫ್/2ರಲ್ಲಿ, ಅದನ್ನು ಅಗಲವಾಗಿ ತೆರೆದು, ತೆಗೆದವು ಒಂದೂ ಸರಿಯಿಲ್ಲ. ಹೀಗಾದಾಗ ಬಹಳ ಜನ ಮೊದಲು ಸ್ಕ್ರೂಡ್ರೈವರ್ ಹುಡುಕುತ್ತಾರೆ. ದಯವಿಟ್ಟು ಅದು ಡ್ರಾಯರ್‌ನಲ್ಲೇ ಇರಲಿ. ರೇಂಜ್‌ಫೈಂಡರ್, ಅಂದರೆ ಎರಡು ಬಿಂಬ ಕೂಡಿಸಿ ಫೋಕಸ್ ಹಿಡಿಯುವ ಭಾಗ, ಅದನ್ನು ಹೊಂದಿಸುವುದು ಸಣ್ಣ ಕೆಲಸ. ತಪ್ಪಿರುವುದು ಅದೇ ಹೌದೋ ಅಲ್ಲವೋ ಎಂದು ಪತ್ತೆ ಮಾಡುವುದಕ್ಕೆ ಒಂದಿಡೀ ಸಂಜೆ ಬೇಕು. ಆ ಸಂಜೆಯನ್ನು ಉಳಿಸಲು ಹೋದವರ ಕ್ಯಾಮೆರಾಗಳೇ ನನ್ನ ಮೇಜಿಗೆ ಹೆಚ್ಚಾಗಿ ಬರುತ್ತವೆ: ಮೂರು ಸ್ಕ್ರೂ ತಿರುಗಿಸಿಯಾಗಿರುತ್ತದೆ, ಮೊದಲು ಯಾವುದು ಎಲ್ಲಿತ್ತು ಎಂಬ ಗುರುತೇ ಇರುವುದಿಲ್ಲ.

ಇಲ್ಲಿ ಜೋರ್ಕಿ-4 ಅನ್ನು ಮುಂದಿಟ್ಟುಕೊಂಡು ಬರೆಯುತ್ತೇನೆ. ಮಾಸ್ಕೋ ಹತ್ತಿರದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲಿ 1956ರಿಂದ 1973ರವರೆಗೆ 17 ಲಕ್ಷಕ್ಕೂ ಹೆಚ್ಚು ತಯಾರಾದ ಕ್ಯಾಮೆರಾ ಇದು. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ: ಮೇಲಿನ ಮುಚ್ಚಳ ಬಿಚ್ಚದೆಯೇ ಎಲ್ಲ ಹೊಂದಾಣಿಕೆ ಮಾಡಬಹುದು, ಮನೆಯಲ್ಲಿ ಕಲಿಯುವವರಿಗೆ ಇಷ್ಟು ಅನುಕೂಲದ ಕ್ಯಾಮೆರಾ ಇನ್ನೊಂದಿಲ್ಲ. ಯಾಶಿಕಾ, ಕ್ಯಾನೊನೆಟ್‌ನಂಥ ಜಪಾನಿ ಕ್ಯಾಮೆರಾ ಇಟ್ಟುಕೊಂಡವರಿಗೂ ಪತ್ತೆ ಹಚ್ಚುವ ದಾರಿ ಇದೇ. ಸ್ಕ್ರೂಗಳ ಜಾಗ ಮಾತ್ರ ಬೇರೆ.

ಒಳಗೆ ನಡೆಯುವುದು

ಎದುರಿನಿಂದ ನೋಡಿದರೆ ದೊಡ್ಡ ವ್ಯೂಫೈಂಡರ್ ಕಿಂಡಿ ಒಂದು, ಪಕ್ಕದಲ್ಲಿ ಸಣ್ಣ ದುಂಡು ಕಿಂಡಿ ಒಂದು. ಇವೆರಡರ ನಡುವಿನ ಅಂತರಕ್ಕೆ ಬೇಸ್ ಎನ್ನುತ್ತಾರೆ. ಜೋರ್ಕಿ-4ರಲ್ಲಿ ಅದು 38 ಮಿ.ಮೀ., ಹಾರ್ಕಿವ್‌ನಲ್ಲಿ ತಯಾರಾದ ಇದೇ ಬಗೆಯ ಕ್ಯಾಮೆರಾ ಫೆಡ್-2ರಲ್ಲಿ 67 ಮಿ.ಮೀ. ಬೇಸ್ ಉದ್ದವಾದಷ್ಟೂ ಅಳತೆ ಸೂಕ್ಷ್ಮ. ಲೆನ್ಸ್ ತಿರುಗಿಸಿದಾಗ ಅದರ ಹಿಂಬದಿಯ ಉಂಗುರ ಮುಂದೆ ಹಿಂದೆ ಸರಿಯುತ್ತದೆ. ಕ್ಯಾಮೆರಾದ ಬಾಯೊಳಗೆ ಮೇಲ್ಭಾಗದಲ್ಲಿ ಮೀನಿನ ರೆಕ್ಕೆಯಂಥ ಒಂದು ಲೋಹದ ನಾಲಗೆ ಇದೆ, ಅದು ಸ್ಪ್ರಿಂಗ್ ಬಲದಲ್ಲಿ ಆ ಉಂಗುರಕ್ಕೆ ಒರಗಿಕೊಂಡಿರುತ್ತದೆ. ನಾಲಗೆ ಅಲುಗಿದಂತೆ ಒಳಗಿನ ಗಾಜು ಕೂದಲೆಳೆಯಷ್ಟು ತಿರುಗಿ, ಪ್ಯಾಚ್‌ನಲ್ಲಿ, ಅಂದರೆ ಕಿಂಡಿಯ ನಡುವಿನ ಸಣ್ಣ ತೇಪೆಯಂಥ ಜಾಗದಲ್ಲಿ, ಕಾಣುವ ಎರಡನೇ ಬಿಂಬ ಪಕ್ಕಕ್ಕೆ ಸರಿಯುತ್ತದೆ. ಎರಡು ಬಿಂಬ ಒಂದಾದರೆ ಫೋಕಸ್ ಆಯಿತು ಎಂದು ನಾವು ನಂಬುತ್ತೇವೆ.

ಆ ನಂಬಿಕೆಯಲ್ಲಿ ಫಿಲ್ಮಿನ ಪಾಲು ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ರೇಂಜ್‌ಫೈಂಡರ್ ಫಿಲ್ಮನ್ನು ನೋಡುವುದಿಲ್ಲ. ಲೆನ್ಸ್ ಎಷ್ಟು ಮುಂದೆ ಬಂದಿದೆ ಎಂದಷ್ಟೇ ಅದಕ್ಕೆ ಗೊತ್ತು. ಲೆನ್ಸೇ ತಪ್ಪು ಜಾಗದಲ್ಲಿ ಕೂತಿದ್ದರೆ ಬಿಂಬಗಳು ಚೆನ್ನಾಗಿಯೇ ಕೂಡುತ್ತವೆ, ಫೋಟೋ ಮಾತ್ರ ಮಸುಕಾಗುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಕೊನೆಯ ಮಾತು ಫಿಲ್ಮ್ ಕೂರುವ ಜಾಗದ್ದು. ಲೆನ್ಸಿನ ಮೇಲೆ ಕೊರೆದ ಅಂಕಿಗಳದ್ದೂ ಅಲ್ಲ, ಕಿಂಡಿಯಲ್ಲಿ ಕಾಣುವ ಪ್ಯಾಚ್‌ನದ್ದೂ ಅಲ್ಲ.

ಮೊದಲು ನೆಗೆಟಿವ್ ಓದಿ

ಹಾಳಾದ ಫ್ರೇಮನ್ನು ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡಿ. ಫ್ರೇಮಿನಲ್ಲಿ ಎಲ್ಲಾದರೂ, ಗುರಿಯ ಮುಂದೆಯೋ ಹಿಂದೆಯೋ, ಚೂಪಾದ ಜಾಗ ಇದೆಯೇ? ಇದ್ದರೆ ಫೋಕಸ್ ತಪ್ಪಿದೆ. ಎಲ್ಲೂ ಚೂಪಿಲ್ಲ, ದೀಪದ ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿವೆ ಎಂದರೆ ಕೈ ಅಲುಗಿದೆ. ಎಲ್ಲೂ ಚೂಪಿಲ್ಲ, ಎಳೆತವೂ ಇಲ್ಲ, ಬೆಳಕಿನ ಸುತ್ತ ಹಾಲಿನಂಥ ಮಬ್ಬು ಇದೆ ಎಂದರೆ ಲೆನ್ಸಿನೊಳಗೆ ಮಂಜೋ ಫಂಗಸ್ಸೋ ಕೂತಿದೆ. ನಮ್ಮ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಇದು ಸಾಮಾನ್ಯ. ಅಪರ್ಚರ್ ಪೂರ್ತಿ ತೆರೆದು, ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಫ್ರೇಮಿನ ಒಂದು ಪಕ್ಕ ಚೂಪು, ಇನ್ನೊಂದು ಪಕ್ಕ ಮಸುಕು, ಅದೂ ಪ್ರತಿ ಫ್ರೇಮಿನಲ್ಲಿ ಹೀಗೇ ಇದ್ದರೆ ಫಿಲ್ಮನ್ನು ಹಿಂದಿನಿಂದ ಚಪ್ಪಟೆಯಾಗಿ ಒತ್ತಿಹಿಡಿಯುವ ಒತ್ತುಪಟ್ಟಿ ಸರಿಯಾಗಿ ಕೂತಿಲ್ಲ, ಅಥವಾ ಲೆನ್ಸ್ ಕೂರುವ ಉಂಗುರ ವಾಲಿದೆ. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಬೇರೆ ಯಾವುದನ್ನೂ ರೇಂಜ್‌ಫೈಂಡರ್ ಸ್ಕ್ರೂ ಸರಿಮಾಡದು.

ಎಫ್/8ರ ಫೋಟೋಗಳು ಚೆನ್ನಾಗಿದ್ದ ಮಾತ್ರಕ್ಕೆ ಕ್ಯಾಮೆರಾ ಸರಿಯಿದೆ ಎಂದುಕೊಳ್ಳಬೇಡಿ. 50 ಮಿ.ಮೀ. ಲೆನ್ಸನ್ನು ಎಫ್/8 ಮಾಡಿ 5 ಮೀಟರಿಗೆ ಇಟ್ಟರೆ ಸುಮಾರು 3.4 ಮೀಟರಿನಿಂದ 9.6 ಮೀಟರಿನವರೆಗೆ ಎಲ್ಲವೂ ಚೂಪಾಗಿಯೇ ಕಾಣುತ್ತದೆ. ಅಷ್ಟು ಅಗಲದಲ್ಲಿ ದೊಡ್ಡ ದೋಷವೂ ಮುಚ್ಚಿಹೋಗುತ್ತದೆ. ಅದೇ ಲೆನ್ಸ್ ಎಫ್/2ರಲ್ಲಿ 1 ಮೀಟರಿಗೆ ಇದ್ದಾಗ ಸಿಗುವುದು ಒಟ್ಟು ನಾಲ್ಕೂವರೆ ಸೆಂಟಿಮೀಟರ್ ಮಾತ್ರ. ಪರೀಕ್ಷೆಯನ್ನು ಯಾವಾಗಲೂ ಪೂರ್ತಿ ತೆರೆದ ಅಪರ್ಚರ್‌ನಲ್ಲೇ ಮಾಡಬೇಕು.

ನಿಮ್ಮ ಹತ್ತಿರ ಎರಡು ಲೆನ್ಸ್ ಇದ್ದರೆ ಅರ್ಧ ಕೆಲಸ ಇಲ್ಲೇ ಮುಗಿಯಿತು. ಎರಡರಲ್ಲೂ ಒಂದೇ ಬಗೆಯ ತಪ್ಪಾದರೆ ಕ್ಯಾಮೆರಾ ಬಾಡಿಯ ದೋಷ. ಒಂದರಲ್ಲಿ ಮಾತ್ರ ತಪ್ಪಾದರೆ ಆ ಲೆನ್ಸಿನ ದೋಷ, ಬಾಡಿಯನ್ನು ಮುಟ್ಟಲೇಬೇಡಿ. ಗೆಳೆಯರಿಂದ ಒಂದು ದಿನಕ್ಕೆ ಲೆನ್ಸ್ ಕೇಳಿ ತಂದಾದರೂ ಇದನ್ನು ಮಾಡಿ ನೋಡಿ. ಹಾಗೆಯೇ ಸೋವಿಯತ್ ಬಾಡಿಯ ಮೇಲೆ ಬೇರೆ ಕಂಪನಿಯ ಲೆನ್ಸ್, ಜರ್ಮನಿಯ ಲೈಕಾ ಮೇಲೆ ಸೋವಿಯತ್ ಲೆನ್ಸ್ ಜ್ಯೂಪಿಟರ್-8, ಹೀಗೆ ಬೆರೆಸಿ ಬಳಸುವವರಿಗೆ ದೂರದಲ್ಲಿ ಎಲ್ಲ ಸರಿಯಿದ್ದು ಹತ್ತಿರದಲ್ಲಿ ತಪ್ಪುವ ಅನುಭವ ಆಗುತ್ತಲೇ ಇರುತ್ತದೆ. ಅಲ್ಲಿ ಕೆಟ್ಟಿರುವುದು ಯಾವುದೂ ಇಲ್ಲ, ಜೋಡಿ ಹೊಂದಿಲ್ಲ ಅಷ್ಟೇ.

ಕಿಂಡಿಯಲ್ಲಿ ಕಾಣುವುದು

ಜೋರ್ಕಿ-4ರಲ್ಲಿ ರಿವೈಂಡ್ ಗುಂಡಿಯ ಕೆಳಗೆ ಒಂದು ಸಣ್ಣ ಸನ್ನೆ (ಲಿವರ್) ಇದೆ. ಅದು ಕಣ್ಣಿನ ಪವರ್‌ಗೆ ತಕ್ಕಂತೆ ಕಿಂಡಿಯನ್ನು ಹೊಂದಿಸುವ ಸನ್ನೆ. ಚೀಲದಲ್ಲಿ ತಿಕ್ಕಿ ಅದು ತಾನಾಗಿ ಸರಿದುಬಿಡುತ್ತದೆ, ಆಮೇಲೆ ಪ್ಯಾಚ್ ಅಸ್ಪಷ್ಟವಾಗಿದೆ ಎಂದು ಜನ ಕ್ಯಾಮೆರಾ ಬಿಚ್ಚುತ್ತಾರೆ. ಮೊದಲು ಅದನ್ನು ಅತ್ತಿತ್ತ ಆಡಿಸಿ, ದೂರದ ತಂತಿಯೋ ಆ್ಯಂಟೆನಾವೋ ಸ್ಪಷ್ಟವಾಗಿ ಕಾಣುವಲ್ಲಿ ನಿಲ್ಲಿಸಿ. ಫೋಟೋ ತೆಗೆಯುವಾಗ ಕನ್ನಡಕ ಹಾಕುತ್ತೀರಾದರೆ ಈ ಪರೀಕ್ಷೆಗಳನ್ನೂ ಕನ್ನಡಕ ಹಾಕಿಯೇ ಮಾಡಿ.

ಈಗ ಲೆನ್ಸನ್ನು ಇನ್ಫಿನಿಟಿಯ (ಅತಿ ದೂರದ ಫೋಕಸ್, ∞ ಗುರುತು) ಕೊನೆಗೆ ತಿರುಗಿಸಿ, ದೂರದ ಒಂದು ದೀಪ ನೋಡಿ. 100 ಮೀಟರ್ ಆಚೆಯ ಬೀದಿದೀಪ ಸಾಲದು, ಅಷ್ಟು ಹತ್ತಿರದ್ದರಲ್ಲಿ ಎರಡು ಬಿಂಬಗಳ ನಡುವೆ ಇರಲೇಬೇಕಾದ ಸಣ್ಣ ಅಂತರ ಚುರುಕು ಕಣ್ಣಿಗೆ ಕಂಡುಬಿಡುತ್ತದೆ. ಒಂದು ಕಿಲೋಮೀಟರಿಗಿಂತ ದೂರದ್ದು ಬೇಕು. ಚಂದ್ರ ಎಲ್ಲಕ್ಕಿಂತ ಒಳ್ಳೆಯದು. ಮೈಸೂರಿನವರಿಗೆ ರಾತ್ರಿ ಚಾಮುಂಡಿ ಬೆಟ್ಟದ ದೀಪಗಳಿವೆ, ಬೆಂಗಳೂರಿನ ಎತ್ತರದ ಮಹಡಿಗಳಲ್ಲಿ ಇರುವವರಿಗೆ ದೂರದ ಟವರುಗಳ ಕೆಂಪು ದೀಪಗಳಿವೆ. ಹಗಲಿನಲ್ಲಿ ನೋಡುವುದಾದರೆ ಲೆನ್ಸ್ ಸೂರ್ಯನ ಕಡೆ ತಿರುಗದಿರಲಿ. ಜೋರ್ಕಿಯ ಶಟರ್ ಪರದೆ ಬಟ್ಟೆಯದು. ಇನ್ಫಿನಿಟಿಗೆ ಇಟ್ಟ ಲೆನ್ಸ್ ಬಿಸಿಲನ್ನು ಕೂಡಿಸಿ ಅದರಲ್ಲಿ ತೂತು ಸುಡುತ್ತದೆ.

ದೀಪ ಎರಡಾಗಿ, ಒಂದರ ಮೇಲೊಂದು ಕಂಡರೆ ಲಂಬ ದೋಷ. ಇದರಿಂದ ದೂರದ ಅಳತೆ ತಪ್ಪುವುದಿಲ್ಲ, ಆದರೆ ಬಿಂಬ ಕೂಡಿತೋ ಇಲ್ಲವೋ ಎಂದು ಕಣ್ಣು ತೀರ್ಮಾನಿಸಲಾರದೆ ಒದ್ದಾಡುತ್ತದೆ. ಅಕ್ಕಪಕ್ಕ ಕಂಡರೆ ಅಡ್ಡ ದೋಷ, ಫೋಕಸ್ ಕೆಡಿಸುವುದು ಇದು. ಲೆನ್ಸ್ ಕೊನೆ ಮುಟ್ಟಿದರೂ ಬಿಂಬಗಳು ಕೂಡಿಲ್ಲವೇ, ಅಥವಾ ಕೊನೆ ಮುಟ್ಟುವ ಮೊದಲೇ ಕೂಡಿ ಆಮೇಲೆ ದಾಟಿಹೋಗುತ್ತವೆಯೇ ಎಂದು ಬರೆದಿಟ್ಟುಕೊಳ್ಳಿ.

ಪ್ಯಾಚ್ ಕಾಣುವುದೇ ಕಷ್ಟ ಎಂಬುದು ಬೇರೆ ಸಮಸ್ಯೆ. ಒಳಗಿನ ಅರೆಪಾರದರ್ಶಕ ಗಾಜಿನ ಲೇಪ ವಯಸ್ಸಿಗೆ ಸವೆದಿರುತ್ತದೆ, ಇಲ್ಲವೇ ಕಿಂಡಿಗಳ ಒಳಮೈಗೆ ಧೂಳು, ಜಿಡ್ಡು ಕೂತಿರುತ್ತದೆ. ಹೊರಗಿನ ಗಾಜುಗಳನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ. ದೊಡ್ಡ ಕಿಂಡಿಯ ನಡುವಿಗೆ, ಪ್ಯಾಚ್ ಬೀಳುವ ಜಾಗಕ್ಕೆ ಹೊರಗಿನಿಂದ ಗಾಢ ಬಣ್ಣದ ಪಾರದರ್ಶಕ ಹಾಳೆಯ ಚಿಕ್ಕ ಚೂರು ಅಂಟಿಸಿದರೆ ಪ್ಯಾಚ್ ಎದ್ದು ಕಾಣುತ್ತದೆ. ಇದನ್ನು ಮಾಡಿ. ಆದರೆ ಯಾವ ಕಾರಣಕ್ಕೂ ಮುಚ್ಚಳ ತೆಗೆದು ಆ ಒಳಗಿನ ಗಾಜನ್ನು ಹತ್ತಿಯಿಂದ ಉಜ್ಜಬೇಡಿ. ಆ ಲೇಪ ಹತ್ತಿಯ ಜೊತೆಗೇ ಎದ್ದು ಬರುತ್ತದೆ. ಹೋದರೆ ರೇಂಜ್‌ಫೈಂಡರೇ ಹೋಯಿತು.

ನಾಲಗೆ ಅಂಟಿಕೊಂಡಿದೆಯೇ?

ಲೆನ್ಸ್ ಬಿಚ್ಚಿ. ಕಿಂಡಿಯಲ್ಲಿ ಕಣ್ಣಿಟ್ಟು, ಮೊಂಡಾದ ಮರದ ಕಡ್ಡಿಯಿಂದ ನಾಲಗೆಯನ್ನು ಹಿಂದಕ್ಕೆ ಒತ್ತಿ, ಬಿಡಿ. ಬಿಂಬ ಥಟ್ಟನೆ ಓಡಿ ಥಟ್ಟನೆ ಮರಳಬೇಕು. ಅದು ಸೋಮಾರಿಯಾಗಿ ತೆವಳಿಕೊಂಡು ಬಂದರೆ ಒಳಗಿನ ಹಳೆಯ ಗ್ರೀಸ್ ಗಟ್ಟಿಯಾಗಿದೆ. ಈ ದೋಷಕ್ಕೆ ಒಂದು ಗುರುತಿದೆ: ಹತ್ತಿರದಿಂದ ದೂರಕ್ಕೆ ಫೋಕಸ್ ಮಾಡಿದಾಗ ಒಂದು ಫಲಿತಾಂಶ, ದೂರದಿಂದ ಹತ್ತಿರಕ್ಕೆ ಬಂದಾಗ ಇನ್ನೊಂದು. ಇವತ್ತು ಸರಿ, ನಾಳೆ ತಪ್ಪು. ಸ್ಕ್ರೂ ತಿರುಗಿಸಿ ಇದನ್ನು ಹಿಡಿಯಲಾಗದು. ಸೂಜಿಯ ತುದಿಯಲ್ಲಿ ಒಂದು ಹನಿ ಲೈಟರ್ ಪೆಟ್ರೋಲ್ ತೆಗೆದು ನಾಲಗೆಯ ಬುಡದ ಅಚ್ಚಿಗೆ ತಾಗಿಸಿ, ಹತ್ತಾರು ಸಲ ಆಡಿಸಿ, ಒಣಗಲು ಬಿಡಿ. ಎಣ್ಣೆ ಬೇಡ. ಹೊಲಿಗೆ ಯಂತ್ರದ ಎಣ್ಣೆ ಹಾಕಿದರೆ ಒಂದು ವಾರ ಚೆನ್ನಾಗಿ ಆಡುತ್ತದೆ, ಆಮೇಲೆ ಅದು ಹರಡಿ ಗಾಜಿಗೂ ಶಟರ್ ಪರದೆಗೂ ಹತ್ತುತ್ತದೆ.

ಲೆನ್ಸ್ ಬಿಚ್ಚಿದಾಗಲೇ ನಾಲಗೆಯ ತುದಿಯನ್ನೂ ಲೆನ್ಸಿನ ಹಿಂದಿನ ಉಂಗುರವನ್ನೂ ನೋಡಿ. ಉಂಗುರದ ಅಂಚಿನಲ್ಲಿ ತಗ್ಗು, ಗೀರು ಇದ್ದರೆ ಬಿಂಬ ಅಲ್ಲಲ್ಲಿ ಜಿಗಿಯುತ್ತದೆ.

ಫಿಲ್ಮ್ ಕೂರುವ ಜಾಗದಲ್ಲಿ ನೋಡುವುದು

ಇದು ಈ ಕೆಲಸದ ಹೃದಯ. ಇದನ್ನು ಬಿಟ್ಟು ಮುಂದೆ ಹೋದರೆ ತಪ್ಪಿರುವ ಲೆನ್ಸಿಗೆ ರೇಂಜ್‌ಫೈಂಡರನ್ನೂ ತಪ್ಪಾಗಿ ಹೊಂದಿಸಿದಂತಾಗುತ್ತದೆ.

ತಳದ ಚಾವಿಗಳನ್ನು ತಿರುಗಿಸಿದರೆ ತಳವೂ ಹಿಂಭಾಗವೂ ಒಟ್ಟಿಗೆ ಕಳಚಿ ಬರುತ್ತದೆ. ಕ್ಯಾಮೆರಾವನ್ನು ಟ್ರೈಪಾಡ್ ಅಥವಾ ಪುಸ್ತಕಗಳ ರಾಶಿಯ ಮೇಲೆ ಕೂರಿಸಿ. ಶಟರ್ ಏರಿಸಿ (ವೈಂಡ್ ಮಾಡಿ), ಆಮೇಲೆ ವೇಗದ ಗುಂಡಿಯನ್ನು ಬಿ ಗುರುತಿಗೆ, ಅಂದರೆ ಒತ್ತಿಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ಗುರುತಿಗೆ, ತಿರುಗಿಸಿ, ಲಾಕ್ ಇರುವ ಕೇಬಲ್ ರಿಲೀಸ್‌ನಿಂದ ತೆರೆದಿಡಿ. ಜೋರ್ಕಿಯಲ್ಲಿ ಈ ಕ್ರಮ ಮುಖ್ಯ: ಏರಿಸದೆ ವೇಗದ ಗುಂಡಿ ತಿರುಗಿಸಿದರೆ ಶಟರಿನ ಯಂತ್ರ ಮುರಿಯಬಹುದು.

ಫಿಲ್ಮ್ ಓಡುವ ಜಾಗದಲ್ಲಿ ಎರಡು ಜೊತೆ ಹಳಿಗಳಿವೆ. ಫಿಲ್ಮ್ ಒರಗುವುದು ಒಳಗಿನ ಜೊತೆಗೆ. ಹೊರಗಿನದು ಸ್ವಲ್ಪ ಎತ್ತರ, ಒತ್ತುಪಟ್ಟಿ ಕೂರುವುದು ಅದರ ಮೇಲೆ. ಲೆನ್ಸಿನ ಬಿಂಬ ಬೀಳಿಸಿ ನೋಡಲು ಒಂದು ಮಸುಕು ಗಾಜು ಬೇಕು. ಅದನ್ನು ಒಳಗಿನ ಹಳಿಗಳ ಮೇಲೇ ಇಡಬೇಕು, ಅದರ ಉರುಟು ಮೈ ಲೆನ್ಸಿನ ಕಡೆಗಿರಬೇಕು. ಕೆಟ್ಟ ಎಸ್‌ಎಲ್‌ಆರ್ (ಕನ್ನಡಿಯ ಮೂಲಕ ಲೆನ್ಸಿನಿಂದಲೇ ನೋಡುವ ಕ್ಯಾಮೆರಾ) ಒಂದರ ಫೋಕಸಿಂಗ್ ಸ್ಕ್ರೀನನ್ನು ಅಳತೆಗೆ ಕತ್ತರಿಸಿದರೆ ಬಹಳ ಒಳ್ಳೆಯದು. ಚೌಕಟ್ಟಿನ ಅಂಗಡಿಯವರ ಹತ್ತಿರ ತೆಳು ಗಾಜಿನ ಪಟ್ಟಿ ಕೊಯ್ಯಿಸಿ, ಸೂಕ್ಷ್ಮ ಎಮೆರಿ ಪುಡಿಗೆ ನೀರು ಹಾಕಿ ಇನ್ನೊಂದು ಗಾಜಿನ ಮೇಲೆ ತೇಯ್ದರೂ ಆಗುತ್ತದೆ.

ಮಸುಕು ಟೇಪ್ ಅಂಟಿಸಿ ಮುಗಿಸುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ನನಗೆ ಅದು ಇಷ್ಟವಿಲ್ಲ, ಕಾರಣ ಲೆಕ್ಕದಲ್ಲೇ ಇದೆ. ಟೇಪಿನ ದಪ್ಪ ಸುಮಾರು 0.05 ಮಿ.ಮೀ. ಹಿಂದಿನಿಂದ ಅಂಟಿಸಿದರೆ ಅದರ ಮಸುಕು ಮೈ ಅಷ್ಟು ಹಿಂದೆ ಬೀಳುತ್ತದೆ, ಜೊತೆಗೆ ನಡುವೆ ಜೋತೂ ಬೀಳುತ್ತದೆ. 50 ಮಿ.ಮೀ. ಲೆನ್ಸ್ ಇನ್ಫಿನಿಟಿಯಿಂದ 100 ಮೀಟರಿಗೆ ಬರಲು ಮುಂದೆ ಸರಿಯಬೇಕಾದದ್ದು 0.025 ಮಿ.ಮೀ. ಮಾತ್ರ, 0.1 ಮಿ.ಮೀ. ಸರಿದರೆ ಫೋಕಸ್ 25 ಮೀಟರಿಗೆ ಬಂದುಬಿಡುತ್ತದೆ. ಅಳೆಯಬೇಕಾದ ದೋಷದಷ್ಟೇ ದೊಡ್ಡ ದೋಷ ಅಳತೆಗೋಲಿನಲ್ಲೇ ಇದ್ದರೆ ಏನು ಪ್ರಯೋಜನ? ಎಫ್/3.5ರ ಇಂಡಸ್ಟಾರ್-50 ಇರುವವರು ಟೇಪಿನಲ್ಲಿ ಸುಧಾರಿಸಿಕೊಳ್ಳಬಹುದು. ಎಫ್/2ರ ಜ್ಯೂಪಿಟರ್-8 ಇರುವವರಿಗೆ ಗಾಜೇ ಬೇಕು.

ಲೆನ್ಸನ್ನು ಇನ್ಫಿನಿಟಿಯ ಕೊನೆಗೆ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಗಾಜಿನ ಮೇಲೆ ಬಿದ್ದ ಚಂದ್ರನನ್ನೋ ದೂರದ ದೀಪವನ್ನೋ ಲೂಪ್‌ನಿಂದ ನೋಡಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಸಾಕು. ಚಂದ್ರನ ಅಂಚು ಗೆರೆ ಎಳೆದಂತೆ ಕಂಡರೆ ಲೆನ್ಸ್ ಸರಿಯಿದೆ, ದೋಷ ರೇಂಜ್‌ಫೈಂಡರಿನದು. ಲೆನ್ಸನ್ನು ಒಂದಿಷ್ಟು ಹತ್ತಿರದ ಕಡೆ ತಿರುಗಿಸಿದಾಗ ಇನ್ನೂ ಚೂಪಾದರೆ, ಲೆನ್ಸ್ ಇನ್ಫಿನಿಟಿಯನ್ನೂ ದಾಟಿ ಒಳಗೆ ಹೋಗುತ್ತಿದೆ. ಕೊನೆಯಲ್ಲೂ ಚೂಪಾಗದೆ, ಇನ್ನೊಂದು ಚೂರು ಒಳಗೆ ಹೋಗಬೇಕಿತ್ತು ಎನಿಸಿದರೆ ಲೆನ್ಸ್ ಮುಂದೆ ನಿಂತಿದೆ.

ಲೆನ್ಸ್ ಕೂರುವ ಉಂಗುರದಿಂದ ಫಿಲ್ಮಿಗೆ ಇರಬೇಕಾದ ದೂರ 28.8 ಮಿ.ಮೀ. ಕಾರ್ಖಾನೆಯಲ್ಲಿ ಆ ಉಂಗುರದ ಅಡಿಗೆ ತೆಳುವಾದ ಕಾಗದದ ಬಿಲ್ಲೆಗಳನ್ನು ಇಟ್ಟು ಇದನ್ನು ಹೊಂದಿಸಿದ್ದಾರೆ. ಹಿಂದೆ ಯಾರೋ ಶಟರ್ ರಿಪೇರಿಗೆಂದು ಬಿಚ್ಚಿ, ಬಿಲ್ಲೆಗಳನ್ನು ಕಸವೆಂದು ಎಸೆದಿದ್ದರೆ ಎಲ್ಲ ಲೆನ್ಸುಗಳಲ್ಲೂ ಒಂದೇ ಬಗೆಯ ತಪ್ಪು ಕಾಣುತ್ತದೆ. ಹಾಗಿದ್ದರೆ ಮೊದಲು ಬಿಲ್ಲೆ ಸರಿಮಾಡಿ, ರೇಂಜ್‌ಫೈಂಡರ್ ಆಮೇಲೆ. ಒಂದೇ ಲೆನ್ಸಿನಲ್ಲಿ ತಪ್ಪು ಎಂದಾದರೆ ಆ ಲೆನ್ಸಿನೊಳಗೂ ಇಂಥದೇ ಬಿಲ್ಲೆಗಳಿರುತ್ತವೆ, ಸರಿಮಾಡಬೇಕಾದದ್ದು ಅವನ್ನು.

ಮೋಡ ಕವಿದ ತಿಂಗಳುಗಳಲ್ಲಿ ಚಂದ್ರ ಸಿಗುವುದಿಲ್ಲ, ಅಪಾರ್ಟ್‌ಮೆಂಟಿನ ಕಿಟಕಿಯಿಂದ ಎದುರು ಮನೆಯ ಗೋಡೆ ಮಾತ್ರ ಕಾಣುತ್ತದೆ ಎನ್ನುವವರಿಗೆ ಇನ್ನೊಂದು ದಾರಿ ಇದೆ, ನನಗೆ ಇದೇ ಹೆಚ್ಚು ಮೆಚ್ಚುಗೆ. ತೊಳೆದ ಫಿಲ್ಮಿನ ಪೂರ್ತಿ ಕಪ್ಪಾದ ತುದಿಯ ತುಂಡು ತೆಗೆದುಕೊಳ್ಳಿ. ಅದರ ಮಂಕು ಮೈಯಲ್ಲಿ ಸೂಜಿಯಿಂದ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಕೆರೆದು ಶಿಲುಬೆಯಂತೆ ಮಾಡಿ. ಮಂಕು ಮೈ ಲೆನ್ಸಿನ ಕಡೆ ಬರುವಂತೆ ಒಳಹಳಿಗಳ ಮೇಲಿಟ್ಟು, ಹಿಂದೆ ಗಾಜಿನ ತುಂಡು ಒತ್ತಿಟ್ಟು ಚಪ್ಪಟೆ ಮಾಡಿ, ಮೊಬೈಲಿನ ಬಿಳಿ ಪರದೆಯಿಂದ ಬೆಳಕು ಕೊಡಿ. ಈಗ ಒಂದು ಎಸ್‌ಎಲ್‌ಆರ್‌ಗೆ 135 ಮಿ.ಮೀ. ಲೆನ್ಸ್ ಹಾಕಿ ಅದನ್ನು ಇನ್ಫಿನಿಟಿಗೆ ಇಡಿ. ಲೆನ್ಸಿನ ಮೇಲಿನ ಗುರುತನ್ನು ನಂಬದೆ, ಎಂದಾದರೂ ಆಕಾಶ ಬಿಚ್ಚಿದ ದಿನ ದೂರದ್ದನ್ನು ನೋಡಿ ಫೋಕಸ್ ಮಾಡಿ, ಉಂಗುರಕ್ಕೆ ಟೇಪ್ ಸುತ್ತಿಟ್ಟುಕೊಂಡಿರಿ. ಎಸ್‌ಎಲ್‌ಆರ್ ಲೆನ್ಸನ್ನು ಜೋರ್ಕಿಯ ಲೆನ್ಸಿಗೆ ಮುಖಾಮುಖಿಯಾಗಿ ನಿಲ್ಲಿಸಿ ಕಿಂಡಿಯಲ್ಲಿ ನೋಡಿದರೆ, ನೀವು ಕೆರೆದ ಗೆರೆಗಳು 2.7 ಪಟ್ಟು ದೊಡ್ಡದಾಗಿ ಎಸ್‌ಎಲ್‌ಆರ್ ಪರದೆಯ ಮೇಲೆ ಬೀಳುತ್ತವೆ. ಜೋರ್ಕಿಯ ಲೆನ್ಸ್ ನಿಜವಾಗಿ ಇನ್ಫಿನಿಟಿಯಲ್ಲಿದ್ದರೆ ಮಾತ್ರ ಅವು ಚೂಪಾಗಿ ಕಾಣುತ್ತವೆ, ಕೆರೆದಾಗ ಎದ್ದ ಅಂಚಿನ ಚೂರುಗಳೂ ಎಣಿಸುವಂತೆ ಕಾಣುತ್ತವೆ. ರಿಪೇರಿ ಅಂಗಡಿಯ ಕಾಲಿಮೇಟರ್ ಎಂಬ ಉಪಕರಣ ಮಾಡುವ ಕೆಲಸ ಇದೇ.

ಈಗ ಸ್ಕ್ರೂಗಳು

ದೋಷ ರೇಂಜ್‌ಫೈಂಡರಿನದೇ ಎಂದು ಖಚಿತವಾದ ಮೇಲೆ ಕ್ರಮ ಹೀಗೆ: ಮೊದಲು ಲಂಬ, ಆಮೇಲೆ ಹತ್ತಿರದ ಪರೀಕ್ಷೆ, ಕೊನೆಗೆ ಇನ್ಫಿನಿಟಿ ಸ್ಕ್ರೂ. ನಾಲಗೆಯನ್ನು ಮುಟ್ಟುವುದು ಇಷ್ಟಾದರೂ ಹತ್ತಿರದಲ್ಲಿ ತಪ್ಪು ಉಳಿದರೆ ಮಾತ್ರ. ಲಂಬ ಮೊದಲು ಏಕೆಂದರೆ ಅದನ್ನು ಮುಟ್ಟಿದರೆ ಅಡ್ಡವೂ ಸರಿಯುತ್ತದೆ.

ಸಣ್ಣ ದುಂಡು ಕಿಂಡಿಯ ಸುತ್ತಲಿನ ಲೋಹದ ಉಂಗುರ ಸ್ಕ್ರೂವಿನಂತೆ ತಿರುಗಿ ಬಿಚ್ಚುತ್ತದೆ. ಇಕ್ಕಳ ಹಾಕಬೇಡಿ. ಪೆನ್ನಿನ ಮುಚ್ಚಳದ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಉಂಗುರಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಬರುತ್ತದೆ. ಅದರ ಹಿಂದಿರುವ ಗಾಜು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದನ್ನು ತಿರುಗಿಸಿದಂತೆ ಪ್ಯಾಚಿನ ಬಿಂಬ ಸಣ್ಣ ವೃತ್ತದ ಮೇಲೆ ಚಲಿಸುತ್ತದೆ. ಹಾಗಾಗಿ ಬಿಂಬ ಮೇಲಕ್ಕೆ ಹೋಗುತ್ತಾ ಪಕ್ಕಕ್ಕೂ ಜಾರುತ್ತದೆ. ಗಾಬರಿ ಬೇಡ. ಎತ್ತರ ಸರಿಹೋದಲ್ಲಿ ನಿಲ್ಲಿಸಿ, ಅಡ್ಡ ಎಷ್ಟಾದರೂ ತಪ್ಪಲಿ. ಎತ್ತರ ನೋಡುವುದಕ್ಕೆ ಅಡ್ಡ ಗೆರೆ ಬೇಕು: ತಾರಸಿಯ ಅಂಚು, ಕರೆಂಟ್ ತಂತಿ.

ಹತ್ತಿರದ ಪರೀಕ್ಷೆಗೆ ಮೇಜಿನ ಮೇಲೆ ಐದು ಬೆಂಕಿಪೊಟ್ಟಣ ನಿಲ್ಲಿಸಿ. ಒಂದರ ಹಿಂದೆ ಒಂದು 2 ಸೆಂ.ಮೀ. ಹಿಂದಕ್ಕೆ, ಒಂದನ್ನೊಂದು ಮರೆಮಾಡದಂತೆ ಸ್ವಲ್ಪ ಪಕ್ಕಕ್ಕೆ. ನಡುವಿನ ಪೊಟ್ಟಣ ಫಿಲ್ಮಿನ ಜಾಗದಿಂದ 1 ಮೀಟರ್ ಇರಲಿ. ಅಳೆಯಬೇಕಾದದ್ದು ಲೆನ್ಸಿನ ಮೂತಿಯಿಂದ ಅಲ್ಲ, ಫಿಲ್ಮಿನಿಂದ. ರೇಂಜ್‌ಫೈಂಡರಿನಿಂದ ನಡುವಿನದಕ್ಕೆ ಫೋಕಸ್ ಮಾಡಿ, ಗಾಜಿನ ಮೇಲೆ ನೋಡಿ. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳೇ ಅಳತೆ: ನಡುವಿನದು ಓದುವಂತಿರಬೇಕು, ಮುಂದಿನದೂ ಹಿಂದಿನದೂ ಸಮನಾಗಿ ಮೆತ್ತಗಾಗಿರಬೇಕು. ಹಿಂದಿನ ಪೊಟ್ಟಣ ಚೂಪಾಗಿದ್ದರೆ ಲೆನ್ಸ್ ಸಾಕಷ್ಟು ಮುಂದೆ ಬರುವ ಮೊದಲೇ ಬಿಂಬಗಳು ಕೂಡಿಬಿಡುತ್ತಿವೆ. ಮುಂದಿನದು ಚೂಪಾದರೆ ಲೆನ್ಸ್ ಹೆಚ್ಚು ಮುಂದೆ ಬಂದ ಮೇಲೆ ಕೂಡುತ್ತಿವೆ.

ತಪ್ಪು ಇನ್ಫಿನಿಟಿಯಲ್ಲೂ ಹತ್ತಿರದಲ್ಲೂ ಒಂದೇ ಕಡೆಗಿದ್ದರೆ ನಾಲಗೆಯನ್ನು ಮುಟ್ಟಬೇಡಿ, ಇನ್ಫಿನಿಟಿ ಸ್ಕ್ರೂ ಒಂದರಿಂದಲೇ ಬಹುತೇಕ ಎರಡೂ ಸರಿಹೋಗುತ್ತವೆ. ಇನ್ಫಿನಿಟಿ ಸರಿಮಾಡಿದ ಮೇಲೂ 1 ಮೀಟರಿನಲ್ಲಿ ತಪ್ಪು ಉಳಿದರೆ ಮಾತ್ರ ನಾಲಗೆಗೆ ಬನ್ನಿ. ಅದರ ತುದಿ ಸ್ಕ್ರೂ ಹಿಡಿತದಲ್ಲಿ ನಿಂತಿರುತ್ತದೆ, ಸ್ಕ್ರೂ ಸಡಿಲಿಸಿದರೆ ತುದಿಯನ್ನು ಒಂದಿಷ್ಟು ತಿರುಗಿಸಬಹುದು. ಮೊದಲು ಅದು ಈಗಿರುವ ರೀತಿಯನ್ನು ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಕಣ್ಣಿಗೆ ಕಂಡೂ ಕಾಣದಷ್ಟು ತಿರುಗಿಸಿ, ಬಿಗಿ ಮಾಡಿ, ಲೆನ್ಸ್ ಹಾಕಿ ನೋಡಿ. ಪ್ರತಿ ಸಲವೂ ಇನ್ಫಿನಿಟಿ ಕೆಡುತ್ತದೆ, ಮತ್ತೆ ಅದನ್ನು ಹೊಂದಿಸಬೇಕು. ಹತ್ತಿರ, ದೂರ, ಮತ್ತೆ ಹತ್ತಿರ ಎಂದು ಸುತ್ತು ಹೊಡೆದಂತೆ ತಪ್ಪು ಕುಗ್ಗುತ್ತಾ ಬರುತ್ತದೆ. ಕುಗ್ಗದೆ ಬೆಳೆಯುತ್ತಿದ್ದರೆ ತುದಿಯನ್ನು ಎದುರು ದಿಕ್ಕಿಗೆ ತಿರುಗಿಸುತ್ತಿದ್ದೀರಿ ಎಂದರ್ಥ.

ಇನ್ಫಿನಿಟಿ ಸ್ಕ್ರೂ ಎರಡು ಕಿಂಡಿಗಳ ನಡುವೆ, ಮುಂಭಾಗದಲ್ಲಿದೆ. ಮೇಲೆ ಕಾಣುವುದು ಬರೀ ಮುಚ್ಚಳದ ಸ್ಕ್ರೂ. ಅದನ್ನು ತೆಗೆದು ಬಟ್ಟಲಿನಲ್ಲಿಡಿ. ಕಳೆದರೆ ಅಳತೆಯದು ಸಿಗುವುದು ಕಷ್ಟ. ತೂತಿನೊಳಗೆ ಟಾರ್ಚ್ ಬಿಟ್ಟರೆ ಹೊಂದಿಸುವ ಸ್ಕ್ರೂವಿನ ತಲೆ ಕಾಣುತ್ತದೆ. ಗಡಿಯಾರದ ಸ್ಕ್ರೂಡ್ರೈವರ್ ಬೇಕು, ಅಲಗು ಸೀಳಿಗೆ ಪೂರ್ತಿ ಕೂರುವಂಥದ್ದು. ಸಡಿಲ ಅಲಗು ಸೀಳನ್ನು ತಿಂದುಹಾಕುತ್ತದೆ. ಲೆನ್ಸನ್ನು ಗಾಜಿನ ಮೇಲೆ ಖಚಿತವಾದ ಇನ್ಫಿನಿಟಿಯಲ್ಲಿಟ್ಟು, ದೂರದ ದೀಪ ನೋಡುತ್ತಾ ಸ್ಕ್ರೂವನ್ನು ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲದಂತೆ ತಿರುಗಿಸಿ. ಪ್ರತಿ ಸಲ ಅಲಗು ಹೊರಗೆ ತೆಗೆದು ನೋಡಿ, ಒತ್ತಡದಲ್ಲಿ ಒಳಗಿನ ಸನ್ನೆ ಬಾಗಿ ಸುಳ್ಳು ಹೇಳುತ್ತದೆ. ದೀಪ ಒಂದಾದ ಮೇಲೆ ಲೆನ್ಸನ್ನು ಹತ್ತಿರಕ್ಕೆ ತಂದು ಮತ್ತೆ ಇನ್ಫಿನಿಟಿಗೆ ಒಯ್ದು ನೋಡಿ. ಮತ್ತೆ ಅದೇ ಜಾಗಕ್ಕೆ ಬಂದು ಕೂತರೆ ಸರಿ. ಸ್ಕ್ರೂ ತಿರುಗಲು ಒಪ್ಪದಿದ್ದರೆ ಬಲ ಹಾಕಬೇಡಿ. ಹಳೆಯ ಮೆರುಗೆಣ್ಣೆ ಹಿಡಿದುಕೊಂಡಿರುತ್ತದೆ, ಸೂಜಿ ತುದಿಯ ಒಂದು ಹನಿ ಅಸಿಟೋನ್ ಅದನ್ನು ಬಿಡಿಸುತ್ತದೆ. ಹನಿ ಎಂದರೆ ಹನಿಯೇ, ಅದು ಗಾಜಿಗೆ ಹರಿಯಬಾರದು.

ಇನ್ಫಿನಿಟಿಯೂ 1 ಮೀಟರೂ ಸರಿಹೋದ ಮೇಲೆ 3 ಮೀಟರಿನಲ್ಲೊಮ್ಮೆ ನೋಡಿ. ಜನರ ಫೋಟೋ ಹೆಚ್ಚು ತೆಗೆಯುವುದು ಆ ದೂರದಲ್ಲಿ. ಎರಡೂ ಕೊನೆ ಸರಿಯಿದ್ದು ನಡುವೆ ತಪ್ಪಿದರೆ ಲೆನ್ಸಿನ ಉಂಗುರ ಸವೆದಿದೆ ಅಥವಾ ಆ ಲೆನ್ಸಿನ ಭಾಗಗಳು ಬೇರೆ ಬೇರೆ ಲೆನ್ಸುಗಳಿಂದ ಜೋಡಿಸಿದವು. ಹಳೆಯ ಸೋವಿಯತ್ ಲೆನ್ಸ್ ಕೊಳ್ಳುವಾಗ ಈ ಎರಡನೆಯದಕ್ಕೆ ಹುಷಾರಾಗಿರಬೇಕು.

ಬೇರೆ ಕ್ಯಾಮೆರಾಗಳ ಬಗ್ಗೆ ಎರಡು ಮಾತು

ಯಾಶಿಕಾ ಎಲೆಕ್ಟ್ರೋ 35, ಕ್ಯಾನೊನೆಟ್ ಕ್ಯೂಎಲ್17ರಂಥ ಜಪಾನಿ ಕ್ಯಾಮೆರಾಗಳಲ್ಲಿ ಹೊಂದಾಣಿಕೆಯ ಸ್ಕ್ರೂಗಳು ಮೇಲಿನ ಮುಚ್ಚಳದ ಅಡಿಯಲ್ಲಿವೆ. ರಿವೈಂಡ್ ಗುಂಡಿ ಬಿಚ್ಚಲು ಒಳಗಿನ ಕವಲಿಗೆ ಮರದ ಕಡ್ಡಿ ಸಿಕ್ಕಿಸಿ ಹಿಡಿದು, ಮೇಲಿನಿಂದ ಗುಂಡಿಯನ್ನು ಎಡಕ್ಕೆ ತಿರುಗಿಸಬೇಕು. ಕೆಲವು ಮಾದರಿಗಳಲ್ಲಿ ಫ್ಲ್ಯಾಶ್ ಸಿಕ್ಕಿಸುವ ಜಾಗದಿಂದ ಒಳಗೆ ವೈರ್ ಬೆಸುಗೆಯಾಗಿರುತ್ತದೆ, ಮುಚ್ಚಳವನ್ನು ಒಮ್ಮೆಲೇ ಎಳೆದರೆ ಅದು ಕಿತ್ತುಬರುತ್ತದೆ. ಪ್ಲಸ್ ಸ್ಕ್ರೂಗಳಿಗೆ ಜಪಾನಿ ಅಳತೆಯ ಡ್ರೈವರ್ ಬೇಕು, ಸಾಮಾನ್ಯ ಪ್ಲಸ್ ಡ್ರೈವರ್ ತಲೆಯನ್ನು ಸವೆಸುತ್ತದೆ. ಇವುಗಳಲ್ಲಿ ಲೆನ್ಸ್ ಬಿಚ್ಚಿ ಬೇರೆಯದು ಹಾಕಿ ನೋಡುವ ಅನುಕೂಲವಿಲ್ಲ. ಆದ್ದರಿಂದ ಮಸುಕು ಗಾಜಿನ ಪರೀಕ್ಷೆ ಇಲ್ಲಿ ಇನ್ನೂ ಮುಖ್ಯ. ಎಲೆಕ್ಟ್ರೋ 35 ಅನ್ನು ಬಿ ಗುರುತಿನಲ್ಲಿ ತೆರೆದಿಡಬಹುದು.

ಲೈಕಾ ಎಂ ಕ್ಯಾಮೆರಾಗಳಲ್ಲಿ ಇನ್ಫಿನಿಟಿ ಹೊಂದಾಣಿಕೆ ಬಾಯೊಳಗಿನ ಉರುಳೆಯ ಸ್ಕ್ರೂವಿನಲ್ಲೇ ಇದೆ, ಎಂ6ರಲ್ಲಿ ಲಂಬದ ಸ್ಕ್ರೂ ಕೆಂಪು ಬೊಟ್ಟಿನ ಹಿಂದೆ ಅಡಗಿದೆ. ಕೈಗೆ ಸಿಗುವಷ್ಟು ಹತ್ತಿರ ಇದೆ ಎಂಬ ಕಾರಣಕ್ಕೆ ಮೊದಲ ಪ್ರಯೋಗವನ್ನು ಅದರ ಮೇಲೆ ಮಾಡಬೇಡಿ. ಇನ್ಫಿನಿಟಿಯ ಸಣ್ಣ ತಪ್ಪನ್ನು ನುರಿತ ಕೈ ಮನೆಯಲ್ಲೇ ಸರಿಮಾಡಬಹುದು. ಉರುಳೆಯ ತೋಳಿನ ಉದ್ದ ಬದಲಿಸುವ ಸ್ಕ್ರೂವನ್ನು ಮಾತ್ರ ರಿಪೇರಿಯವರಿಗೇ ಬಿಡಿ.

ಮುಗಿಸುವ ಮುನ್ನ

ಸ್ಕ್ರೂ ಸೀಳಿನ ಅಂಚಿಗೆ ಉಗುರಿಗೆ ಹಚ್ಚುವ ಬಣ್ಣವನ್ನು ಒಂದು ಚುಕ್ಕೆ ಇಡಿ, ಪ್ರಯಾಣದ ಅದುರಿಗೆ ತಾನಾಗಿ ತಿರುಗದಂತೆ. ಬಣ್ಣ ಪೂರ್ತಿ ಒಣಗಿದ ಮೇಲೆ ಮುಚ್ಚಳದ ಸ್ಕ್ರೂ, ಕಿಂಡಿಯ ಉಂಗುರ ಹಾಕಿ. ಉಂಗುರ ಬಿಗಿಯುವಾಗ ಕೆಳಗಿನ ಗಾಜು ಜೊತೆಗೆ ತಿರುಗಿ ಲಂಬ ಕೆಡುವುದುಂಟು, ಕೊನೆಯಲ್ಲಿ ಇನ್ನೊಮ್ಮೆ ದೂರದ ತಂತಿ ನೋಡಿ.

ಆಮೇಲೆ ಫಿಲ್ಮ್ ಹಾಕಿ. ಕಪ್ಪು-ಬಿಳುಪು ಸಾಕು, ರೋಲಿನ ಮೊದಲ ಕೆಲವು ಫ್ರೇಮುಗಳನ್ನು ಇದಕ್ಕೆಂದೇ ಕೊಡಿ. ಟ್ರೈಪಾಡ್ ಮೇಲೆ, ಎಫ್/2ರಲ್ಲಿ, ಬೆಂಕಿಪೊಟ್ಟಣದ ಸಾಲನ್ನು 1 ಮೀಟರಿನಲ್ಲಿ, ಒಬ್ಬರನ್ನು 3 ಮೀಟರಿನಲ್ಲಿ ನಿಲ್ಲಿಸಿ, ರಾತ್ರಿಯ ದೂರದ ದೀಪಗಳನ್ನು ಇನ್ಫಿನಿಟಿಯಲ್ಲಿ. ಪ್ರತಿಯೊಂದನ್ನೂ ಎರಡು ಸಲ ತೆಗೆಯಿರಿ: ಒಮ್ಮೆ ದೂರದಿಂದ ಹತ್ತಿರಕ್ಕೆ ಫೋಕಸ್ ಮಾಡಿಕೊಂಡು ಬಂದು, ಒಮ್ಮೆ ಹತ್ತಿರದಿಂದ ದೂರಕ್ಕೆ ಹೋಗಿ. ಎರಡರ ನಡುವೆ ವ್ಯತ್ಯಾಸ ಕಂಡರೆ ನಾಲಗೆಯ ಗ್ರೀಸ್ ಇನ್ನೂ ಬಿಟ್ಟಿಲ್ಲ. ಲ್ಯಾಬಿನವರಿಗೆ ಸ್ಕ್ಯಾನ್ ಮಾತ್ರ ಸಾಲದು, ನೆಗೆಟಿವ್ ಕತ್ತರಿಸದೆ ಕೊಡಿ ಎಂದು ಮೊದಲೇ ಹೇಳಿಡಿ. ಸ್ಕ್ಯಾನರಿನ ಫೋಕಸ್ ತಪ್ಪಿದ್ದರೂ ಕ್ಯಾಮೆರಾದ ತಪ್ಪಿನಂತೆಯೇ ಕಾಣುತ್ತದೆ, ಲೂಪ್ ಕೆಳಗಿಟ್ಟು ನೋಡಬೇಕಾದದ್ದು ನೆಗೆಟಿವನ್ನೇ.